4 ಓಮ್ ಸ್ಪೀಕರ್, ಪುಣೆಯ ಫ್ಲ್ಯಾಟ್: ಹೆಗೆಲ್ ಎಚ್400, ಲಕ್ಸ್‌ಮನ್ ಎಲ್-509ಜೆಡ್, ಮರಾಂಟ್ಜ್ ಮಾಡೆಲ್ 10, ಪಾಸ್ ಐಎನ್‌ಟಿ-25. ಯಾವ ಆಂಪ್?

ಕೋಥ್ರೂಡ್_ಕೇಳುಗ, ಪುಣೆ

ನಮಸ್ಕಾರ. ಹೊಸ ಆಂಪ್ (ಸ್ಪೀಕರನ್ನು ನಡೆಸುವ ಆಂಪ್ಲಿಫೈಯರ್) ಕೊಳ್ಳಬೇಕು. ಹಾಲ್ 11 ಅಡಿ ಅಗಲ, 15 ಅಡಿ ಉದ್ದ. ನೆಲಕ್ಕೆ ವಿಟ್ರಿಫೈಡ್ ಟೈಲ್ಸ್, ಒಂದು ಬದಿ ಪೂರ್ತಿ ಗಾಜಿನ ಸ್ಲೈಡಿಂಗ್ ಕಿಟಕಿ. ಸ್ಪೀಕರ್ ಕೆಇಎಫ್ ರೆಫರೆನ್ಸ್ 1 ಮೆಟಾ. ಕಂಪನಿ ಕೊಟ್ಟ ಅಂಕಿ 85 ಡಿಬಿ, 4 ಓಮ್, ಕನಿಷ್ಠ 3.2 ಓಮ್. ಕೂರುವ ಜಾಗ 2.8 ಮೀಟರ್ ದೂರ. ಡ್ಯಾಕ್ (ಡಿಜಿಟಲ್ ಹಾಡನ್ನು ಅನಲಾಗ್ ಸಿಗ್ನಲ್ ಮಾಡುವ ಪೆಟ್ಟಿಗೆ) ಬೇರೆ ಇದೆ, ಆರ್‌ಸಿಎ ಸಾಕೆಟ್ಟಿನಲ್ಲಿ 2 ವೋಲ್ಟ್, ಮೂರು ಪಿನ್ನಿನ ಎಕ್ಸ್‌ಎಲ್‌ಆರ್ ಸಾಕೆಟ್ಟಿನಲ್ಲಿ 4 ವೋಲ್ಟ್. ಎಂಎಂ (ಮೂವಿಂಗ್ ಮ್ಯಾಗ್ನೆಟ್) ಕಾರ್ಟ್ರಿಜ್‌ನ ಟರ್ನ್‌ಟೇಬಲ್ ಒಂದಿದೆ. ಕೇಳುವುದು ಮುಕ್ಕಾಲು ಪಾಲು ಹಿಂದುಸ್ತಾನಿ ಗಾಯನ, ಅದೂ ರಾತ್ರಿ ಹತ್ತರ ಮೇಲೆ, ಕೆಳಗಿನ ಮನೆಯವರಿಗೆ ತೊಂದರೆಯಾಗದ ಹಾಗೆ. ಭಾನುವಾರ ಮಾತ್ರ ಸ್ವಲ್ಪ ಜೋರು.

ಪಟ್ಟಿ ಶೀರ್ಷಿಕೆಯಲ್ಲಿದೆ. ತಲೆಗೆ ಹತ್ತದ ವಿಷಯ ಇವು: ಪಾಸ್‌ನ 25 ವ್ಯಾಟ್ ಈ ಸ್ಪೀಕರಿಗೆ ಸಾಕೆ? ಮರಾಂಟ್ಜ್ ಕ್ಲಾಸ್ ಡಿ (ಟ್ರಾನ್ಸಿಸ್ಟರುಗಳು ಅತಿ ವೇಗದಲ್ಲಿ ಆನ್ ಆಫ್ ಆಗುವ ಬಗೆ) ಅಲ್ಲವೆ, ದನಿ ಒಣಗಿದಂತೆ ಕೇಳುತ್ತದೆಯೆ? ಹೆಗೆಲ್‌ನವರ 4000 ಡ್ಯಾಂಪಿಂಗ್ ಫ್ಯಾಕ್ಟರ್ (ಆಂಪ್ ಸ್ಪೀಕರನ್ನು ಎಷ್ಟು ಬಿಗಿಯಾಗಿ ಹಿಡಿಯುತ್ತದೆ ಎಂಬ ಅಳತೆ) ನಿಜಕ್ಕೂ ಲೆಕ್ಕಕ್ಕೆ ಬರುತ್ತದೆಯೆ? ಇನ್ನೊಂದು, ಜಪಾನಿನಿಂದ ನೇರ ತರಿಸಿದ ಲಕ್ಸ್‌ಮನ್ ಬಹಳ ಕಡಿಮೆಗೆ ಸಿಗುತ್ತದೆ ಎಂದು ಒಬ್ಬರು ಹೇಳುತ್ತಿದ್ದಾರೆ. ಕೈ ಹಾಕಬಹುದೆ?

*

ಮಾಟುಂಗಾ_ಮಂದ್ರ, ಮುಂಬಯಿ

ವ್ಯಾಟಿನಿಂದ ಶುರು ಮಾಡಿದರೆ ದಾರಿ ತಪ್ಪುತ್ತದೆ ಮಾರಾಯ್ರೆ, ವೋಲ್ಟಿನಿಂದ ಶುರು ಮಾಡಿ. 85 ಡಿಬಿ ಅಂದರೆ 2.83 ವೋಲ್ಟ್ ಕೊಟ್ಟಾಗ 1 ಮೀಟರ್ ದೂರದಲ್ಲಿ ಸಿಗುವ ಮಟ್ಟ. ಆ ವೋಲ್ಟೇಜು 8 ಓಮ್ ಸ್ಪೀಕರಿಗೆ 1 ವ್ಯಾಟ್, ನಿಮ್ಮ 4 ಓಮ್ ಸ್ಪೀಕರಿಗೆ 2 ವ್ಯಾಟ್. ಅಂದರೆ ವ್ಯಾಟಿನ ಲೆಕ್ಕದಲ್ಲಿ ನಿಮ್ಮದು 82 ಡಿಬಿ ಸ್ಪೀಕರ್. ಶೋರೂಮಿನಲ್ಲಿ ಇದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ.

ಬಯಲಿನಲ್ಲಾದರೆ 2.8 ಮೀಟರಿಗೆ 9 ಡಿಬಿ ಕಳೆಯುತ್ತದೆ. ಟೈಲ್ಸು, ಗಾಜು, ಕಾಂಕ್ರೀಟು ಇರುವ ಹಾಲಿನಲ್ಲಿ ಗೋಡೆಗಳು ವಾಪಸ್ ಕೊಡುವುದರಿಂದ ಕಳೆಯುವುದು ಸುಮಾರು 6. ಎರಡು ಸ್ಪೀಕರಿಗೆ 3 ಸೇರಿಸಿ. ಒಟ್ಟಿನಲ್ಲಿ 2.83 ವೋಲ್ಟಿಗೆ ನಿಮ್ಮ ಕುರ್ಚಿಯ ಹತ್ತಿರ 82 ಡಿಬಿ ಸಿಗುತ್ತದೆ. ಇದೊಂದು ಅಂಕಿ ಕೈಯಲ್ಲಿದ್ದರೆ ಉಳಿದದ್ದೆಲ್ಲ ಗುಣಾಕಾರ.

ಗಾಯನ, ತಬಲಾ ಸೇರಿದ ಒಳ್ಳೆಯ ರೆಕಾರ್ಡಿಂಗಿನಲ್ಲಿ ಸರಾಸರಿಗಿಂತ ಶಿಖರ 18 ಡಿಬಿ ಮೇಲಿರುತ್ತದೆ ಅಂತ ಇಟ್ಟುಕೊಳ್ಳೋಣ. ರಾತ್ರಿಯ ಕೇಳ್ಮೆಯಲ್ಲಿ ಸರಾಸರಿ 62 ಡಿಬಿ, ಶಿಖರ 80. ಅದಕ್ಕೆ ಬೇಕಾದ್ದು 2.25 ವೋಲ್ಟ್, ಅಂದರೆ 4 ಓಮ್‌ಗೆ 1.3 ವ್ಯಾಟ್. ಹೌದು, ಒಂದೂ ಕಾಲು ವ್ಯಾಟ್! ಸಂಜೆ ಮಾಮೂಲಿ ಕೇಳುವಾಗ ಸರಾಸರಿ 72, ಶಿಖರ 90 ಆದರೆ 7.1 ವೋಲ್ಟ್, ಹನ್ನೆರಡು ಹದಿಮೂರು ವ್ಯಾಟ್. ಭಾನುವಾರ ಸರಾಸರಿ 80, ಶಿಖರ 98 ಬೇಕೆಂದರೆ 17.9 ವೋಲ್ಟ್, 80 ವ್ಯಾಟ್. ಇಂಪೀಡೆನ್ಸ್ (ಸ್ಪೀಕರ್ ಕರೆಂಟಿಗೆ ಒಡ್ಡುವ ತಡೆ) 3.2 ಓಮ್‌ಗೆ ಇಳಿಯುವ ಕಡೆ ಅದೇ ವೋಲ್ಟೇಜಿಗೆ 100 ವ್ಯಾಟ್, ಕರೆಂಟಿನ ಶಿಖರ ಸುಮಾರು 8 ಆಂಪಿಯರ್. ಇದಕ್ಕೂ ಮೇಲೆ 104 ಡಿಬಿ ಶಿಖರ ಕೇಳಿದರೆ 300 ವ್ಯಾಟ್ ದಾಟಬೇಕು. ಕೆಇಎಫ್‌ನವರು ಈ ಸ್ಪೀಕರಿಗೆ ಶಿಫಾರಸು ಮಾಡಿದ್ದೇ 50ರಿಂದ 200 ವ್ಯಾಟ್. ಆಂಪ್ ಕೊಟ್ಟರೂ ಆರೂವರೆ ಇಂಚಿನ ಆ ವೂಫರ್ ಸಂತೋಷದಿಂದ ತಗೊಳ್ಳುವುದಿಲ್ಲ.

ಈಗ ಪಟ್ಟಿಗೆ ಬನ್ನಿ. ಪಾಸ್ ಐಎನ್‌ಟಿ-25 ಕಾಗದದ ಮೇಲೆ 8 ಓಮ್‌ಗೆ 25, 4 ಓಮ್‌ಗೆ 50 ವ್ಯಾಟ್. ನಿಮ್ಮ ಕುರ್ಚಿಯಲ್ಲಿ ಶಿಖರ 96 ಡಿಬಿ. ಲಕ್ಸ್‌ಮನ್ ಎಲ್-509ಜೆಡ್ 120 ಮತ್ತು 220, ಶಿಖರ 102. ಮರಾಂಟ್ಜ್ ಮಾಡೆಲ್ 10 ಸರಿಯಾಗಿ ದುಪ್ಪಟ್ಟು, 250 ಮತ್ತು 500, ಶಿಖರ 106. 220 ವ್ಯಾಟಿಗೂ 500 ವ್ಯಾಟಿಗೂ ನಡುವಿನ ವ್ಯತ್ಯಾಸ ಮೂರೂವರೆ ಡಿಬಿ, ಅಷ್ಟೇ. ಹೆಗೆಲ್ ಎಚ್400 8 ಓಮ್‌ಗೆ 250. ಹೀಗಾಗಿ 25 ವ್ಯಾಟ್ ಸಾಕೇ ಎಂಬ ಪ್ರಶ್ನೆಗೆ ಉತ್ತರ: ರಾತ್ರಿಗೆ ಬೇಕಾದ್ದಕ್ಕಿಂತ ಹೆಚ್ಚೇ ಇದೆ, ಭಾನುವಾರಕ್ಕೆ ಅಂಚಿನಲ್ಲಿದೆ. ಆರ್ಕೆಸ್ಟ್ರಾ ಅಥವಾ ಚೆಂಡೆಮದ್ದಳೆ ಹಾಕಿದ ದಿನ ಸಾಲದು.

8ರಿಂದ 4 ಓಮ್‌ಗೆ ಬಂದಾಗ ವ್ಯಾಟ್ ದುಪ್ಪಟ್ಟಾದರೆ ಪವರ್ ಸಪ್ಲೈ ಗಟ್ಟಿ ಎಂದು ಲೆಕ್ಕ. ಆದರೆ ದುಪ್ಪಟ್ಟಾಗದ್ದೆಲ್ಲ ಜೊಳ್ಳು ಅಂದುಕೊಳ್ಳಬೇಡಿ. ಮ್ಯಾಕಿಂಟಾಶ್ ಎಂಎ12000 8, 4, 2 ಓಮ್ ಮೂರಕ್ಕೂ 350 ವ್ಯಾಟೇ ಕೊಡುತ್ತದೆ, ಏಕೆಂದರೆ ಔಟ್‌ಪುಟ್‌ನಲ್ಲಿ ಆಟೋಫಾರ್ಮರ್ (ಒಂದು ಬಗೆಯ ಟ್ರಾನ್ಸ್‌ಫಾರ್ಮರ್) ಇದೆ, ಒಂದೊಂದು ಇಂಪೀಡೆನ್ಸಿಗೆ ಒಂದೊಂದು ಟರ್ಮಿನಲ್. ಅಲ್ಲಿ ನಿಮ್ಮ ಸ್ಪೀಕರನ್ನು 4 ಓಮ್ ಟರ್ಮಿನಲ್‌ಗೇ ಸಿಕ್ಕಿಸಬೇಕು.

ಕ್ಲಾಸ್ ಡಿ ಬಗ್ಗೆ. ಹಳೆಯ ಕ್ಲಾಸ್ ಡಿ ಆಂಪ್‌ಗಳ ಮೇಲಿನ ದೂರಿಗೆ ಕಾರಣವಿತ್ತು. ಔಟ್‌ಪುಟ್ಟಿನ ಕಾಯಿಲ್ ಮತ್ತು ಕೆಪಾಸಿಟರಿನ ಫಿಲ್ಟರ್ ಫೀಡ್‌ಬ್ಯಾಕ್ ಸುತ್ತಿನ (ಔಟ್‌ಪುಟ್ಟನ್ನು ಇನ್‌ಪುಟ್ಟಿಗೆ ಹೋಲಿಸಿ ತಪ್ಪು ತಿದ್ದುವ ಭಾಗದ) ಹೊರಗಿರುತ್ತಿತ್ತು. ಸ್ಪೀಕರಿನ ಇಂಪೀಡೆನ್ಸ್ ಏರಿಳಿದಂತೆ ಮೇಲಿನ ಸ್ವರಗಳ ಮಟ್ಟವೂ ಏರಿಳಿಯುತ್ತಿತ್ತು. ಒಂದೇ ಆಂಪ್ ಒಂದು ಸ್ಪೀಕರಿಗೆ ಚೂಪು, ಇನ್ನೊಂದಕ್ಕೆ ಮಂಕು. ಬ್ರೂನೋ ಪುಟ್ಜೇಸ್ ಎಂಬ ಎಂಜಿನಿಯರ್ ಹೈಪೆಕ್ಸ್ ಕಂಪನಿಯಲ್ಲಿ, ಆಮೇಲೆ ಪ್ಯುರಿಫೈ ಕಂಪನಿಯಲ್ಲಿ ಮಾಡಿದ ವಿನ್ಯಾಸಗಳಲ್ಲಿ ಫಿಲ್ಟರ್ ಫೀಡ್‌ಬ್ಯಾಕಿನ ಒಳಗೇ ಬಂತು. 2024ರ ಮಾಡೆಲ್ 10ರಲ್ಲಿರುವುದು ಪ್ಯುರಿಫೈ ಮೂಲದ ವಿನ್ಯಾಸ. ಅದರ ದನಿ ಇಷ್ಟವಾಗದಿರಬಹುದು, ಆದರೆ ಕ್ಲಾಸ್ ಡಿ ಅನ್ನುವ ಒಂದೇ ಕಾರಣಕ್ಕೆ ಬಿಡಬೇಡಿ.

ಡ್ಯಾಂಪಿಂಗ್ ಫ್ಯಾಕ್ಟರ್ 4000 ಅಂದರೆ 8 ಓಮ್ ಲೆಕ್ಕದಲ್ಲಿ ಔಟ್‌ಪುಟ್ ಇಂಪೀಡೆನ್ಸ್ 0.002 ಓಮ್. ಚಂದ. ನೀವು 2.5 ಚದರ ಮಿಮೀ ತಾಮ್ರದ ತಂತಿ 4 ಮೀಟರ್ ಎಳೆದಿರಿ, ಹೋಗಿ ಬರುವುದು 8 ಮೀಟರ್, ಅದರ ರೆಸಿಸ್ಟೆನ್ಸ್ ಸುಮಾರು 0.056 ಓಮ್. ಸ್ಪೀಕರ್ ಟರ್ಮಿನಲ್‌ನಲ್ಲಿ ನಿಂತು ನೋಡಿದರೆ ನಿಮ್ಮ 4 ಓಮ್‌ಗೆ 4000 ಹೋಗಿ 70ರ ಆಸುಪಾಸಾಯಿತು. ಒಳಗೆ ವಾಯ್ಸ್ ಕಾಯಿಲಿನ ತಾಮ್ರ ಇನ್ನೂ ಕೆಲವು ಓಮ್ ಸೇರಿಸುತ್ತದೆ. 4 ಚದರ ಮಿಮೀ ತಂತಿ ಹಾಕಿದರೆ ಕೇಬಲ್ಲಿನ ಪಾಲು 0.035ಕ್ಕೆ ಇಳಿಯುತ್ತದೆ. ಕೆಲವು ನೂರು ರೂಪಾಯಿಯ ಕೆಲಸ, ಬ್ರೋಷರಿನ ಆ ಅಂಕಿಗಿಂತ ಹೆಚ್ಚು ಉಪಕಾರಿ.

ಅಂಕಿಗಳಿಗಿಂತ ನಿಮಗೆ ದಿನಾ ತಾಗುವುದು ಸೌಲಭ್ಯ. ಟರ್ನ್‌ಟೇಬಲ್ ನೇರ ಸಿಕ್ಕಿಸಲು ಲಕ್ಸ್‌ಮನ್, ಮರಾಂಟ್ಜ್ ಎರಡರಲ್ಲೂ ಫೋನೋ (ಕಾರ್ಟ್ರಿಜ್‌ನ ಕ್ಷೀಣ ಸಿಗ್ನಲ್ ಏರಿಸುವ ಭಾಗ) ಇದೆ, ಎಂಎಂ ಮತ್ತು ಎಂಸಿ (ಮೂವಿಂಗ್ ಕಾಯಿಲ್) ಎರಡಕ್ಕೂ. ಹೆಗೆಲ್, ಪಾಸ್ ಎರಡರಲ್ಲೂ ಇಲ್ಲ, ಬೇರೆ ಫೋನೋ ಸ್ಟೇಜ್ ಕೊಳ್ಳಬೇಕು. ಪಾಸ್‌ಗೆ ಎಕ್ಸ್‌ಎಲ್‌ಆರ್ ಇನ್‌ಪುಟ್ಟೂ ಇಲ್ಲ, ಮೂರು ಆರ್‌ಸಿಎ ಮಾತ್ರ. ಹೆಗೆಲ್‌ನ ಬೆಲೆಯಲ್ಲಿ ಡ್ಯಾಕ್, ಸ್ಟ್ರೀಮರ್ ಸೇರಿದೆ. ನಿಮ್ಮ ಹತ್ತಿರ ಡ್ಯಾಕ್ ಇದೆ, ಅಷ್ಟು ಹಣ ಸುಮ್ಮನೆ ಕೂರುತ್ತದೆ. ಲಕ್ಸ್‌ಮನ್‌ನಲ್ಲಿ ಬಾಸ್, ಟ್ರೆಬಲ್ ಗುಬುಟುಗಳಿವೆ. ಹೈ ಎಂಡ್ ಮಂದಿ ಅದನ್ನು ನೋಡಿ ಮೂಗು ಮುರಿಯುತ್ತಾರೆ. 62 ಡಿಬಿಯಲ್ಲಿ ಕಿವಿಗೆ ಬಾಸ್ ಕಡಿಮೆ ಕೇಳುತ್ತದೆ, ಅದು ಕಿವಿಯ ಗುಣ, ಯಾವ ಆಂಪ್ ಕೊಂಡರೂ ತಪ್ಪದು. ರಾತ್ರಿ ಬಾಸನ್ನು ಎರಡು ಮೂರು ಡಿಬಿ ಏರಿಸಿದರೆ ತಂಬೂರಿ ತುಂಬಿ ಬರುತ್ತದೆ.

ನಾನಾದರೆ ನಿಮಗೆ ಹೇಳುವುದು ಎಲ್-509ಜೆಡ್. ಆರ್ಕೆಸ್ಟ್ರಾ ಹೆಚ್ಚು ಕೇಳುವವರಾಗಿದ್ದರೆ ಮಾಡೆಲ್ 10 ಅನ್ನುತ್ತಿದ್ದೆ.

*

ಬುಧವಾರಪೇಟೆ_ಬೆಸುಗೆ, ಪುಣೆ

ಜಪಾನಿನ ಲಕ್ಸ್‌ಮನ್ ವಿಷಯ ಮೊದಲು ಮುಗಿಸೋಣ ಸರ್. ಬೇಡ. ಜಪಾನಿನ ಒಳಮಾರುಕಟ್ಟೆಯ ಪೀಸು 100 ವೋಲ್ಟಿನದು. ಹಿಂದಿನ ಪ್ಲೇಟಿನ ಫೋಟೊ ತರಿಸಿಕೊಳ್ಳಿ, ಪವರ್ ಸಾಕೆಟ್ಟಿನ ಪಕ್ಕ 230 ಎಂದು ಇರಬೇಕು. 100 ಎಂದಿದ್ದರೆ ಜೀವಮಾನವಿಡೀ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರಿನ ಸಹವಾಸ. ಇಷ್ಟು ದೊಡ್ಡ ಆಂಪಿಗೆ ಒಂದೂವರೆ ಕೆವಿಎ ಕಡಿಮೆಯದು ನಡೆಯುವುದಿಲ್ಲ, ಶಿಖರ ಬಂದಾಗ ವೋಲ್ಟೇಜು ಕುಸಿಯುತ್ತದೆ. ಅಂಗಡಿಯಲ್ಲಿ ಅಗ್ಗಕ್ಕೆ ಸಿಗುವುದು ಆಟೋ ಟ್ರಾನ್ಸ್‌ಫಾರ್ಮರ್, ಒಂದೇ ಸುತ್ತು, ಐಸೋಲೇಶನ್ ಇಲ್ಲ. ಅದರ ನ್ಯೂಟ್ರಲ್ ಕಡೆಯ ಸುತ್ತು ಕಿತ್ತುಹೋದರೆ 230 ನೇರ 100 ವೋಲ್ಟಿನ ಆಂಪಿಗೆ ಬೀಳುತ್ತದೆ. ಯಾರೋ ಒಂದು ದಿನ ಮರೆತು ಗೋಡೆಗೆ ಸಿಕ್ಕಿಸಿದರೂ ಅದೇ ಗತಿ. ವಾರಂಟಿ ಹೇಗೂ ಇಲ್ಲ. ಇಲ್ಲಿಯ ಅಧಿಕೃತ ಡೀಲರ್ ಹತ್ತಿರ ತಗೊಂಡು ಬಿಲ್ಲಿನಲ್ಲಿ ಸೀರಿಯಲ್ ನಂಬರ್ ಬರೆಸಿಕೊಳ್ಳಿ.

ಆಂಪ್ ಮನೆಗೆ ಬರುವ ಮೊದಲು ಒಂದು ಸಂಜೆ ಮಲ್ಟಿಮೀಟರ್ ಹಿಡಿಯಿರಿ. ಎಂಟು ಗಂಟೆಗೆ ಎಸಿ, ಗೀಸರ್ ಎಲ್ಲ ಹಾಕಿ, ಆಂಪಿಗೆ ಗೊತ್ತುಮಾಡಿದ ಸಾಕೆಟ್ಟಿನಲ್ಲಿ ಮೂರು ಅಳತೆ: ಲೈನ್ ಮತ್ತು ನ್ಯೂಟ್ರಲ್, ಲೈನ್ ಮತ್ತು ಅರ್ಥ್, ನ್ಯೂಟ್ರಲ್ ಮತ್ತು ಅರ್ಥ್. ಮೊದಲ ಎರಡು ಹೆಚ್ಚುಕಡಿಮೆ ಒಂದೇ ಬರಬೇಕು. ಮೂರನೆಯದು 3 ವೋಲ್ಟಿನೊಳಗಿದ್ದರೆ ಸರಿ. 10, 15 ಬಂದರೆ ಅರ್ಥಿಂಗ್ ಸಡಿಲ ಅಥವಾ ನ್ಯೂಟ್ರಲ್ ಮೇಲೆ ಭಾರ ಹೆಚ್ಚು. ಆದರೆ ಲೋಡ್ ಇದ್ದಾಗಲೂ ಸರಿಯಾಗಿ ಸೊನ್ನೆ ಬಂತೆಂದು ಖುಷಿಪಡಬೇಡಿ. ಅರ್ಥ್ ತಂತಿ ಇಲ್ಲದ ಹಳೆ ಕಟ್ಟಡಗಳಲ್ಲಿ ಕೆಲವು ವೈರ್‌ಮನ್‌ಗಳು ಸಾಕೆಟ್ಟಿನ ಒಳಗೇ ನ್ಯೂಟ್ರಲ್ಲಿಂದ ಅರ್ಥಿಗೆ ಒಂದು ತುಂಡು ತಂತಿ ಹಾಕಿ ಕೈತೊಳೆದುಕೊಳ್ಳುತ್ತಾರೆ. ನ್ಯೂಟ್ರಲ್ ಎಲ್ಲಾದರೂ ಕಡಿದರೆ ಆಂಪಿನ ಲೋಹದ ಮೈಯೇ 230 ವೋಲ್ಟ್ ಆಗುತ್ತದೆ. ಪ್ಲೇಟು ಬಿಚ್ಚಿಸಿ ಕಣ್ಣಾರೆ ನೋಡಿ.

ಎಂಸಿಬಿ. ದೊಡ್ಡ ಟೊರಾಯ್ಡ್ (ಆಂಪಿನೊಳಗಿನ ಬಳೆಯಾಕಾರದ ಟ್ರಾನ್ಸ್‌ಫಾರ್ಮರ್) ಆನ್ ಆದ ಮೊದಲ ಕ್ಷಣದಲ್ಲಿ ಎಳೆಯುವ ಕರೆಂಟು ಆಮೇಲಿನದಕ್ಕಿಂತ ಎಷ್ಟೋ ಪಟ್ಟು. ಬಿ ಕರ್ವ್ ಎಂಸಿಬಿ ತನ್ನ ರೇಟಿಂಗಿನ 3ರಿಂದ 5 ಪಟ್ಟಿಗೆ ಬೀಳುತ್ತದೆ, 6 ಆಂಪಿಯರಿನದಾದರೆ 18 ಆಂಪಿಯರಿಗೇ ಬಿದ್ದೀತು. ಸಿ ಕರ್ವ್ ಬೀಳುವುದು 5ರಿಂದ 10 ಪಟ್ಟಿಗೆ. ಬೋರ್ಡಿನಿಂದ 2.5 ಚದರ ಮಿಮೀ ತಂತಿಯ ಪ್ರತ್ಯೇಕ ಲೈನ್, 16 ಆಂಪಿಯರಿನ ಸಿ ಕರ್ವ್, 16 ಆಂಪಿಯರ್ ಸಾಕೆಟ್. ತಂತಿ 1.5 ಇರುವಾಗ ಎಂಸಿಬಿ ಮಾತ್ರ ದೊಡ್ಡದು ಮಾಡುವುದು ತಪ್ಪು.

ಹಾಲಿನ ಲೈನು ಇನ್ವರ್ಟರ್ ಮೇಲಿದ್ದರೆ ಆಂಪಿನ ಸಾಕೆಟ್ಟನ್ನು ಅದರಿಂದ ಹೊರಗೆ ತೆಗೆಸಿ. ಸ್ಕ್ವೇರ್ ವೇವ್ ಇನ್ವರ್ಟರಿನಲ್ಲಿ ಟ್ರಾನ್ಸ್‌ಫಾರ್ಮರು ಕಣಜದ ಹಾಗೆ ಗುಂಯ್‌ಗುಡುತ್ತದೆ, ಬಿಸಿಯೂ ಆಗುತ್ತದೆ.

ಗುಂಯ್ ಅನ್ನುವುದರಲ್ಲಿ ಎರಡು ಜಾತಿ, ಬೇರೆ ಮಾಡಿ ನೋಡಬೇಕು. ಸ್ಪೀಕರಿನಿಂದ ಬಂದರೆ ಅರ್ಥ್ ಲೂಪ್, ಅಂದರೆ ಅರ್ಥ್ ಎರಡು ದಾರಿಯಲ್ಲಿ ಸೇರಿ ಒಂದು ಸುತ್ತಾಗಿರುವುದು. ಸೆಟ್‌ಟಾಪ್ ಬಾಕ್ಸಿನ ಕೋಆಕ್ಸ್ ಕೇಬಲ್ ಕಿತ್ತು ನೋಡಿ, ಆಮೇಲೆ ಡ್ಯಾಕಿಗೆ ಹೋಗುವ ಲ್ಯಾಪ್‌ಟಾಪಿನ ಚಾರ್ಜರ್. ಟಿವಿಯಿಂದ ಡ್ಯಾಕಿಗೆ ಆಪ್ಟಿಕಲ್ ಹಾಕಿದರೆ ಅರ್ಧ ಕೇಸು ಅಲ್ಲೇ ಮುಗಿಯುತ್ತದೆ. ಪ್ಲಗ್ಗಿನ ಅರ್ಥ್ ಪಿನ್ ಮುರಿಯುವ ಉಪಾಯ ಯಾರು ಹೇಳಿದರೂ ಕೇಳಬೇಡಿ. ಎರಡನೆಯ ಜಾತಿ ಆಂಪಿನ ಪೆಟ್ಟಿಗೆಯಿಂದಲೇ ಬರುತ್ತದೆ, ವಾಲ್ಯೂಮ್ ಸೊನ್ನೆ ಇದ್ದರೂ, ಒಮ್ಮೊಮ್ಮೆ ಮಾತ್ರ. ಮುಚ್ಚಳದ ಮೇಲೆ ಕೈಯಿಟ್ಟರೆ ಬೆರಳಿಗೆ ಕಂಪನ ತಿಳಿಯುತ್ತದೆ. ಅದು ಕರೆಂಟಿನಲ್ಲಿ ಸೇರಿದ ಡಿಸಿ. ಹೇರ್ ಡ್ರೈಯರನ್ನು ಅರ್ಧ ಬಿಸಿಗೆ ಇಟ್ಟಾಗ ಅದರೊಳಗಿನ ಒಂದು ಡಯೋಡು ಅಲೆಯ ಅರ್ಧ ಭಾಗವನ್ನಷ್ಟೇ ಬಳಸುತ್ತದೆ. ಅರ್ಧ ವೋಲ್ಟ್ ಡಿಸಿ ಸಾಕು, ಟೊರಾಯ್ಡಿನ ಕೋರ್ ಒಂದು ಬದಿಗೆ ಸ್ಯಾಚುರೇಟ್ ಆಗುತ್ತದೆ. ಆಂಪ್ ಕೆಟ್ಟಿದೆ ಎಂದು ಡೀಲರಿನ ಜೊತೆ ಜಗಳಕ್ಕೆ ಹೋಗುವ ಮೊದಲು ಬಾತ್‌ರೂಮಿನ ಡ್ರೈಯರ್ ಆಫ್ ಮಾಡಿ ನೋಡಿ. ಪಕ್ಕದ ಮನೆಯದಾಗಿದ್ದರೆ ಡಿಸಿ ಬ್ಲಾಕರ್ ಹಾಕಬೇಕು, ಸಿದ್ಧ ಪೆಟ್ಟಿಗೆಯದೇ ಕೊಳ್ಳಿ. ಸರ್ಕ್ಯೂಟು ಸರಳ, ಒಂದು ಬ್ರಿಜ್, ಬೆನ್ನಿಗೆ ಬೆನ್ನು ಎರಡು 10,000 ಮೈಕ್ರೋಫ್ಯಾರಡ್ ಕೆಪಾಸಿಟರು. ಆದರೆ ಪೂರ್ತಿ ಮೇನ್ಸ್ ಅದರ ಮೂಲಕ ಹಾಯುತ್ತದೆ, ಹವ್ಯಾಸಿಗಳಿಗೆ ಹೇಳಿದ್ದಲ್ಲ.

*

ವಾಸ್ಕೋ_ವೈರ್, ಗೋವಾ

ಎಲ್ಲಾರೂ ಪಾಸ್‌ನ ಬದಿಗಿಟ್ರಿ. ದಿನಾ ರಾತ್ರಿ ಒಂದೂ ಕಾಲು ವ್ಯಾಟಿನಾಗ ಕೇಳಾವ್ರಿಗೆ 500 ವ್ಯಾಟ್ ಯಾಕ ಬೇಕ್ರಿ? ಪಾಸ್ ಕ್ಲಾಸ್ ಎ ಜಾತಿದು. ಕ್ಲಾಸ್ ಎ ಒಳಗ ಸಣ್ಣ ದನಿಗೆ ಕ್ರಾಸ್‌ಓವರ್ ಡಿಸ್ಟಾರ್ಶನ್ (ಒಂದು ಬದಿ ಬಂದ್ ಆಗಿ ಇನ್ನೊಂದು ಶುರು ಆಗೂ ಮುಂದಿನ ದೋಷ) ಅನ್ನೂದ ಇರಂಗಿಲ್ಲ, ಯಾಕಂದ್ರ ಎರಡೂ ಬದಿ ಟ್ರಾನ್ಸಿಸ್ಟರ್ ಯಾವಾಗ್ಲೂ ಆನ್. ಜವಾರಿ (ತಂತಿ ಝೇಂಕರಿಸೂ ಹದ) ಚಂದ ಕಟ್ಟಿದ ತಂಬೂರಿ ಹಚ್ಚಿ ಕೇಳ್ರಿ. ಖರ್ಜದ (ಮಂದ್ರ ಷಡ್ಜದ) ತಂತಿ ಮೂಲಸ್ವರ ಭಾಳ ಕ್ಷೀಣ, ಕಿವಿಗೆ ಬರೂದೆಲ್ಲ ಮ್ಯಾಲಿನ ಹಾರ್ಮೋನಿಕ್ಸ್. ಅವು ಒಂದರ ಮ್ಯಾಲೊಂದು ಉರುಳಿಕೋತ ಹೋಗೂದು ಸಣ್ಣ ವಾಲ್ಯೂಮಿನಾಗೂ ಬಿಡಿಬಿಡಿ ಕೇಳಿದ್ರ ಆಂಪ್ ಪಾಸು. ಒಂದ ಗೊಂಯ್ ಆಗಿ ಕೇಳಿದ್ರ ನಪಾಸು.

ಇನ್ನ ಸಮುದ್ರದ ದಂಡಿ ಮಾತು. ಪುಣೆದಾಗ ಇದು ಕಡಿಮಿ, ಮುಂಬಯಿ ಗೋವಾದಾಗ ಮಳಿಗಾಲ ಬಂತಂದ್ರ ಸ್ಪೀಕರ್ ರಿಲೇದ (ಆಂಪಿನಾಗ ಸ್ಪೀಕರ್ ಜೋಡಿಸೂ ಬಿಡಿಸೂ ಸ್ವಿಚ್ಚಿನ) ಕಾಂಟ್ಯಾಕ್ಟ್ ಮ್ಯಾಲೆ ಪದರ ಕಟ್ಟತದ. ಗುರ್ತು ಹಿಡಿಯೂದು ಹಿಂಗ: ಸಣ್ಣ ವಾಲ್ಯೂಮಿನಾಗ ಒಂದು ಚಾನೆಲ್ ಮಂಕ ಆಗ್ತದ, ಇಲ್ಲಾ ಕರಕರ ಅಂತದ. ವಾಲ್ಯೂಮ್ ಗಪ್ಪನ ಏರಿಸಿದ್ರ ಸರಿ ಆಗ್ತದ, ಇಳಿಸಿ ಅರ್ಧ ತಾಸಿಗೆ ಮತ್ತ ಅದ ಹಾಡು. ಸಣ್ಣ ವೋಲ್ಟೇಜಿಗೆ ಆ ಪದರ ದಾಟೂದು ಆಗಂಗಿಲ್ಲ, ದೊಡ್ಡ ವೋಲ್ಟೇಜು ಹರಕೊಂಡು ಹೋಗ್ತದ, ಅದಕ್ಕ ಹಂಗ. ಖಾತ್ರಿ ಮಾಡ್ಕೋಬೇಕಂದ್ರ ಆಂಪ್ ಬಂದ್ ಮಾಡಿ ಇನ್‌ಪುಟ್ಟಿನ ಎಡ ಬಲ ಆರ್‌ಸಿಎ ಅದಲಿ ಬದಲಿ ಮಾಡ್ರಿ. ತೊಂದ್ರಿ ಅದ ಸ್ಪೀಕರಿನಾಗ ಉಳೀತಂದ್ರ ಡ್ಯಾಕಿಂದಲ್ಲ. ಆಮ್ಯಾಲೆ ಸ್ಪೀಕರ್ ತಂತಿ ಬದಲಿ ಮಾಡ್ರಿ, ತೊಂದ್ರಿ ಈ ಬದಿಯಿಂದ ಆ ಬದಿಗೆ ಹೋತಂದ್ರ ಆಂಪಿನಾಗ ಐತಿ. ರಿಪೇರಿಯಂವ ರಿಲೇ ಬಿಚ್ಚಿ ಉಸುಕಿನ ಕಾಗದ ತಿಕ್ಕಾಕ ಬಂದ್ರ ಕೈ ಹಿಡೀರಿ. ಮ್ಯಾಲಿನ ಲೇಪ ಹೋದ್ರ ಮುಂದಿನ ಮಳಿಗಾಲಕ್ಕ ಇನ್ನೂ ಜಾಸ್ತಿ. ಅದ ಕಾಯಿಲ್ ವೋಲ್ಟೇಜಿಂದು, ಅದ ಕಾಂಟ್ಯಾಕ್ಟ್ ರೇಟಿಂಗಿಂದು ಹೊಸಾದು ಹಾಕ್ಬೇಕು. ಅಕ್ಯುಫೇಸ್‌ದವ್ರು ಈ ರಗಳೆನ ಬ್ಯಾಡಂತ ಸ್ಪೀಕರ್ ಲೈನಿನಾಗ ರಿಲೇ ಬದ್ಲಿ ಮಾಸ್‌ಫೆಟ್ ಟ್ರಾನ್ಸಿಸ್ಟರ್ ಇಟ್ಟಾರ. ನಿಮ್ಮ ಪಟ್ಟಿಯೊಳಗ ಆ ಹೆಸರಿಲ್ಲ, ಇರಬೇಕಿತ್ತು.

ಬರೇ ತಾಮ್ರದ ತಂತಿ ತುದಿ ಟರ್ಮಿನಲಿಗೆ ಕಟ್ಟಿದ್ರ ವರ್ಷದಾಗ ಕಪ್ಪ ಆಗ್ತದ. ಒಂದು ಸೆಂಟಿಮೀಟರ್ ಕತ್ತರಿಸಿ ಬನಾನಾ ಪ್ಲಗ್ ಕ್ರಿಂಪ್ ಮಾಡಿಸ್ರಿ. ಮತ್ತ ಹಲ್ಲಿ. ನಗಬ್ಯಾಡ್ರಿ, ಬೆಚ್ಚಗಿದ್ದಲ್ಲಿ ಅದು ಬಂದ ಬರ್ತದ, ತೂತಿನಾಗ ಇಳದು ಸಪ್ಲೈ ಬೋರ್ಡ್ ಮ್ಯಾಲೆ ಬಿತ್ತಂದ್ರ ಅದೂ ಹೋತು, ಬೋರ್ಡೂ ಹೋತು. ಆಂಪಿನ ತೂತಿಗೆ ಜಾಳಿಗಿ ಹಚ್ಚಬ್ಯಾಡ್ರಿ, ಗಾಳಿ ನಿಲ್ತದ. ರ‍್ಯಾಕಿನ ಹಿಂದ, ಆಂಪಿಂದ ಒಂದು ಗೇಣು ಬಿಟ್ಟು ಹಚ್ರಿ.

*

ಬುಧವಾರಪೇಟೆ_ಬೆಸುಗೆ, ಪುಣೆ

ರಿಲೇ ಬಗ್ಗೆ ವಾಸ್ಕೋದವರು ಹೇಳಿದ್ದಕ್ಕೆ ನನ್ನದೂ ಸಹಿ. ಕ್ಲಾಸ್ ಎ ವಿಷಯದಲ್ಲಿ ಮಾತ್ರ ಬಿಲ್ಲನ್ನೂ ಮುಂದಿಡಬೇಕು. ಈ ಜಾತಿಯ ಆಂಪ್‌ಗಳು ಹಾಡು ಇರಲಿ ಇಲ್ಲದಿರಲಿ 150ರಿಂದ 200 ವ್ಯಾಟ್ ಎಳೆಯುತ್ತವೆ. 175 ಹಿಡಿದು ದಿನಕ್ಕೆ 5 ಗಂಟೆ ಅಂದರೆ ತಿಂಗಳಿಗೆ 26 ಯೂನಿಟ್. ಆ ಶಾಖವನ್ನು ಹೊರಗೆ ಹಾಕಲು ಎಸಿಗೆ ಇನ್ನೂ ಎಂಟೊಂಬತ್ತು. ಲಕ್ಷಗಟ್ಟಲೆ ಕೊಡುವವರಿಗೆ ಇದೇನು ಭಾರವಲ್ಲ ಬಿಡಿ. ಭಾರವಾಗುವುದು ಕೆಪಾಸಿಟರಿಗೆ. ಒಳಗಿನ ಉಷ್ಣತೆ 10 ಡಿಗ್ರಿ ಏರಿದರೆ ಎಲೆಕ್ಟ್ರೋಲಿಟಿಕ್ ಕೆಪಾಸಿಟರಿನ ಆಯಸ್ಸು ಅರ್ಧವಾಗುತ್ತದೆ ಎಂಬುದು ಈ ಕಸುಬಿನ ಲೆಕ್ಕ. ಏಪ್ರಿಲ್, ಮೇ ತಿಂಗಳ ಪುಣೆಯಲ್ಲಿ ಎಸಿ ಇಲ್ಲದ ಹಾಲು, ಗಾಜಿನ ಬಾಗಿಲಿನ ಶೋಕೇಸು, ಅದರೊಳಗೆ ಕ್ಲಾಸ್ ಎ: ಈ ಮೂರೂ ಕೂಡಬಾರದು. ತೆರೆದ ರ‍್ಯಾಕಿನ ಮೇಲಿನ ತಟ್ಟೆಯಲ್ಲಿಡಿ, ಮೇಲೆ 15 ಸೆಂಟಿಮೀಟರ್ ಖಾಲಿ ಇರಲಿ, ಮೇಲೆ ಡ್ಯಾಕ್ ಇಡಬೇಡಿ.

ರ‍್ಯಾಕ್ ಎಂದ ಮೇಲೆ ತೂಕವನ್ನೂ ನೋಡಿ. ಲಕ್ಸ್‌ಮನ್ 29 ಕೆಜಿ, ಮಾಡೆಲ್ 10 33 ಕೆಜಿಗೂ ಮೇಲೆ. ಪಾರ್ಟಿಕಲ್ ಬೋರ್ಡಿನ ಟಿವಿ ಯೂನಿಟ್ಟು ಬಾಗುತ್ತದೆ. ಖಾಲಿ ಪೆಟ್ಟಿಗೆ, ಥರ್ಮೋಕೋಲು ಎಸೆಯಬೇಡಿ, ಸರ್ವಿಸಿಗೆ ಕಳಿಸುವ ದಿನ ಅದಿಲ್ಲದೆ ಕೊರಿಯರಿನವರು ಮುಟ್ಟುವುದಿಲ್ಲ.

*

ಠಾಣೆ_ಠೇಕಾ

ಆಂಪಿಗಿಂತ ಮೊದಲು ಕೋಣೆ. 15 ಅಡಿ ಉದ್ದಕ್ಕೆ ಮೊದಲ ಅನುರಣನ 37 ಹರ್ಟ್ಸ್, ಎರಡನೆಯದು 75. 11 ಅಡಿಗೆ 51 ಮತ್ತು 102. ಗಂಡು ದನಿಯ ಕಪ್ಪು ಒಂದು ಶ್ರುತಿಯ (ಹಾರ್ಮೋನಿಯಂನ ಮೊದಲ ಕಪ್ಪು ಮನೆಯ) ಖರ್ಜ 69 ಹರ್ಟ್ಸ್, 75ರ ಮಗ್ಗುಲಲ್ಲೇ. ಡಗ್ಗಾ (ತಬಲಾ ಜೋಡಿಯ ಎಡಗೈ ವಾದ್ಯ) ಗುಡುಗಿದರೆ ಆಂಪನ್ನು ಬೈಯಬೇಡಿ. ಕುರ್ಚಿ ಹಿಂದಿನ ಗೋಡೆಗೆ ಅಂಟಿದ್ದರೆ 4 ಅಡಿ ಮುಂದೆ ತನ್ನಿ. ಸ್ಪೀಕರು ಗೋಡೆಯಿಂದ 2 ಅಡಿಯಾದರೂ ಮುಂದಿರಲಿ. ಘನಮೀಟರಿಗೆ 48 ಕೆಜಿ ಸಾಂದ್ರತೆಯ ರಾಕ್‌ವೂಲಿನ 4 ಇಂಚಿನ ಫಲಕ ಮೂಲೆಗಳಿಗೆ, ಗಾಜಿಗೆ ದಪ್ಪ ಪರದೆ. ಇದ್ಯಾವುದೂ ಮನೆಯಲ್ಲಿ ನಡೆಯದಿದ್ದರೆ ಎನ್‌ಎಡಿ ಎಂ33 ನೋಡಿ, ಪ್ಯುರಿಫೈ ಔಟ್‌ಪುಟ್, ಒಳಗೇ ಡಿರಾಕ್ ಲೈವ್ ರೂಮ್ ಕರೆಕ್ಷನ್ (ಕೋಣೆಯ ಗುಣ ಅಳೆದು ದನಿ ತಿದ್ದುವ ಸಾಫ್ಟ್‌ವೇರ್). 75 ಹರ್ಟ್ಸ್‌ನಲ್ಲಿ 8, 10 ಡಿಬಿ ಉಬ್ಬಿದ್ದನ್ನು ಇಳಿಸಿದರೆ ಆಗುವ ಬದಲಾವಣೆಯ ಮುಂದೆ ಈ ನಾಲ್ಕು ಆಂಪುಗಳ ನಡುವಿನ ವ್ಯತ್ಯಾಸ ಏನೂ ಅಲ್ಲ.

*

ಕೋಥ್ರೂಡ್_ಕೇಳುಗ, ಪುಣೆ

ಜಪಾನ್ ಪೀಸು ಕೈಬಿಟ್ಟೆ. ಹಿಂದಿನ ಪ್ಲೇಟಿನಲ್ಲಿ 100 ಎಂದೇ ಇದೆ. ಡೀಲರ್ ಲಕ್ಸ್‌ಮನ್ ಮತ್ತು ಮರಾಂಟ್ಜ್ ಎರಡನ್ನೂ ಒಂದೇ ಮಧ್ಯಾಹ್ನ ಕೇಳಿಸುತ್ತೇನೆ ಎಂದಿದ್ದಾರೆ. ಪಾಸ್ ಡೆಮೋಗೆ ಇಲ್ಲ. ಹೋಲಿಕೆ ಹೇಗೆ ಮಾಡುವುದು? ಸ್ವಿಚ್ ಬಾಕ್ಸ್ ಇದೆಯಂತೆ. ಮುಂದೆ ರೆಲ್ ಕಂಪನಿಯ ಸಬ್‌ವೂಫರನ್ನು (ಬಾಸ್‌ಗೆಂದೇ ಇರುವ ಸ್ಪೀಕರ್) ಸ್ಪೀಕರ್ ಟರ್ಮಿನಲಿನಿಂದಲೇ ಜೋಡಿಸುವ ಯೋಚನೆಯೂ ಇದೆ.

*

ಮಾಟುಂಗಾ_ಮಂದ್ರ, ಮುಂಬಯಿ

ಸ್ವಿಚ್ ಬಾಕ್ಸ್ ಬೇಡವೇ ಬೇಡ. ಅಗ್ಗದ ಪೆಟ್ಟಿಗೆಗಳಲ್ಲಿ ನೆಗೆಟಿವ್ ಎರಡೂ ಆಂಪಿಗೆ ಒಂದೇ ಇರುತ್ತದೆ. ನೆಗೆಟಿವ್ ಟರ್ಮಿನಲ್ ನೆಲಕ್ಕೆ ಸೇರದ ಆಂಪ್ ಅದಕ್ಕೆ ಸಿಕ್ಕಿದರೆ ಔಟ್‌ಪುಟ್ ಶಾರ್ಟ್. ಯಮಹಾ ಎ-ಎಸ್3200 ಅಂಥದ್ದು, ಅದರ ಫ್ಲೋಟಿಂಗ್ ಬ್ಯಾಲೆನ್ಸ್ಡ್ ವಿನ್ಯಾಸದಲ್ಲಿ ಕಪ್ಪು ಟರ್ಮಿನಲಿನಲ್ಲೂ ಸಿಗ್ನಲ್ ಇದೆ. ಆಂಪ್ ಆಫ್ ಮಾಡಿ ಕೈಯಿಂದಲೇ ಬನಾನಾ ಪ್ಲಗ್ ಬದಲಿಸಿ, ಒಂದು ನಿಮಿಷ ಹೋದರೆ ಹೋಯಿತು.

ಮಟ್ಟ ಸಮ ಮಾಡದೆ ಕೇಳಿದರೆ ಏನೂ ಕೇಳದ ಹಾಗೆಯೇ. ಅರ್ಧ ಡಿಬಿ ಜೋರಾಗಿದ್ದದ್ದು ಜೋರು ಅಂತ ಗೊತ್ತಾಗುವುದಿಲ್ಲ, 'ಇದರಲ್ಲಿ ಜೀವ ಇದೆ' ಅಂತ ಅನ್ನಿಸುತ್ತದೆ. ಪೆನ್‌ಡ್ರೈವಿನಲ್ಲಿ 200 ಹರ್ಟ್ಸ್‌ನ ಸೈನ್ ಟೋನ್ ತಗೊಂಡು ಹೋಗಿ, ಮಟ್ಟ ಮೈನಸ್ 20 ಡಿಬಿ. 1000 ಹರ್ಟ್ಸ್ ಬೇಡ, ಸಾಧಾರಣ ಮಲ್ಟಿಮೀಟರ್ 400 ದಾಟಿದರೆ ಸುಳ್ಳು ಹೇಳಲು ಶುರು ಮಾಡುತ್ತದೆ. ಮೀಟರನ್ನು ಎಸಿ ವೋಲ್ಟಿಗೆ ಇಟ್ಟು ಸ್ಪೀಕರ್ ಟರ್ಮಿನಲಿಗೆ ಹಿಡಿಯಿರಿ. ಕಡ್ಡಿಗಳ ತುದಿ ಒಂದಕ್ಕೊಂದು ತಾಗಬಾರದು. ಮೊದಲ ಆಂಪಿನಲ್ಲಿ 1.00 ವೋಲ್ಟ್ ಬರುವ ವಾಲ್ಯೂಮ್ ಅಂಕಿ ಬರೆದಿಡಿ. ಎರಡನೆಯದರಲ್ಲಿ 0.99ರಿಂದ 1.01ರೊಳಗೆ ತನ್ನಿ, ಅದು 0.1 ಡಿಬಿ. ವಾಲ್ಯೂಮಿನ ಹೆಜ್ಜೆ ಅರ್ಧ ಡಿಬಿಯದಾಗಿದ್ದು ಕೂಡದಿದ್ದರೆ ಪ್ಲೇಯರಿನ ಡಿಜಿಟಲ್ ವಾಲ್ಯೂಮಿನಲ್ಲಿ ಸರಿಹೊಂದಿಸಿ.

ಎರಡಕ್ಕೂ ಆರ್‌ಸಿಎ ಅಥವಾ ಎರಡಕ್ಕೂ ಎಕ್ಸ್‌ಎಲ್‌ಆರ್. ಒಂದಕ್ಕೆ ಅದು, ಇನ್ನೊಂದಕ್ಕೆ ಇದು ಮಾಡಿದರೆ 6 ಡಿಬಿಯ ಗೊಂದಲ. ಲಕ್ಸ್‌ಮನ್‌ನಲ್ಲಿ ಲೈನ್ ಸ್ಟ್ರೇಟ್ (ಬಾಸ್, ಟ್ರೆಬಲ್ ಗುಬುಟುಗಳನ್ನು ದಾಟಿಸುವ ಗುಂಡಿ) ಒತ್ತಿ, ಲೌಡ್‌ನೆಸ್ ಆಫ್. ಜಪಾನಿನ ಕೆಲವು ಆಂಪುಗಳಲ್ಲಿ ಎಕ್ಸ್‌ಎಲ್‌ಆರ್‌ನ 3ನೇ ಪಿನ್ ಹಾಟ್ (ಸಿಗ್ನಲಿನ ಪಾಸಿಟಿವ್), ಬೇರೆಯವರದು 2ನೇ ಪಿನ್. ಎರಡೂ ಚಾನೆಲ್ ಒಟ್ಟಿಗೇ ತಿರುಗುವುದರಿಂದ ಅನಾಹುತವಿಲ್ಲ, ಮ್ಯಾನುಯೆಲ್‌ನಲ್ಲಿ ಒಮ್ಮೆ ನೋಡಿ ಅಷ್ಟೇ.

ಮೂರು ತುಣುಕು ಸಾಕು, ಒಂದೊಂದು 40 ಸೆಕೆಂಡಿನದು. ಬರೀ ತಂಬೂರಿ, ವಾಸ್ಕೋದವರು ಹೇಳಿದ ಪರೀಕ್ಷೆಗೆ. ಭೀಮಸೇನ ಜೋಷಿಯವರ ಯಾವುದಾದರೂ ಸ್ಟೀರಿಯೊ ಧ್ವನಿಮುದ್ರಣದಲ್ಲಿ ತಾನ್ ತಾರಕ್ಕೆ ಏರುವ ಜಾಗ, ಏರುವಾಗ ದನಿ ದಪ್ಪವಾಗಿಯೇ ಉಳಿಯಬೇಕು, ಗಾಜಿನ ಹಾಗೆ ಆಗಬಾರದು. ಗದಗದ ಗಂಟಲು ಪುಣೆಯಲ್ಲೇ ಪರೀಕ್ಷೆಗೆ ಕೂರುವುದು ಸರಿಯಾದ ನ್ಯಾಯ. ಮೂರನೆಯದು ಡಗ್ಗಾದ ಮೇಲೆ ಅಂಗೈ ಒತ್ತಿ ಮೀಂಡ್ (ಜಾರುವ ಸ್ವರ) ಎಳೆಯುವ ಭಾಗ. ಎಲ್ಲಕ್ಕಿಂತ ಮುಖ್ಯವಾಗಿ ರಾತ್ರಿಯ ಮಟ್ಟದಲ್ಲೇ ಕೇಳಿಸಿ ಅಂತ ಹಠ ಹಿಡಿಯಿರಿ. ಶೋರೂಮಿನವರು 85ಕ್ಕೆ ಏರಿಸಿಯೇ ತೋರಿಸುತ್ತಾರೆ. ಫೋನಿನಲ್ಲಿ ಸೌಂಡ್ ಮೀಟರ್ ಆ್ಯಪ್ ಇಟ್ಟುಕೊಂಡು 62ಕ್ಕೆ ಇಳಿಸಿ, ಎಸಿ ಆಫ್ ಮಾಡಿಸಿ. ಆಗ ಗಾಯಕ ನಡುವಿನಲ್ಲೇ ನಿಂತಿದ್ದಾನೆಯೆ, ಒಂದು ಬದಿಗೆ ಸರಿದನೆ ನೋಡಿ. ಮಾಮೂಲಿ ಪೊಟೆನ್ಶಿಯೋಮೀಟರ್ ಇರುವ ಆಂಪುಗಳಲ್ಲಿ ಗುಬುಟಿನ ತಳಭಾಗದಲ್ಲಿ ಎಡಬಲ ಒಂದೆರಡು ಡಿಬಿ ಹೆಚ್ಚುಕಡಿಮೆಯಾಗುವುದು ಸಾಮಾನ್ಯ. ಲಕ್ಸ್‌ಮನ್‌ನ ಎಲೆಕ್ಟ್ರಾನಿಕ್ ಅಟೆನ್ಯುಯೇಟರಿನ (ವಾಲ್ಯೂಮ್ ನಿಯಂತ್ರಣದ) ಬೆಲೆ ತಿಳಿಯುವುದು ಅಲ್ಲೇ.

ಸಬ್‌ವೂಫರ್. ರೆಲ್‌ನ ಕೇಬಲ್ಲಿನಲ್ಲಿ ಮೂರು ತಂತಿ: ಕೆಂಪು ಬಲದ ಪಾಸಿಟಿವ್‌ಗೆ, ಹಳದಿ ಎಡದ ಪಾಸಿಟಿವ್‌ಗೆ, ಕಪ್ಪು ನೆಲಕ್ಕೆ. ಮಾಮೂಲಿ ಆಂಪಿನಲ್ಲಿ ಕಪ್ಪು ಯಾವುದಾದರೂ ನೆಗೆಟಿವ್ ಟರ್ಮಿನಲಿಗೆ ಹೋಗುತ್ತದೆ. ಕ್ಲಾಸ್ ಡಿ, ಬ್ರಿಜ್ಡ್ ಅಥವಾ ಬ್ಯಾಲೆನ್ಸ್ಡ್ ಔಟ್‌ಪುಟ್ ಇದ್ದರೆ ಹಾಗೆ ಮಾಡಬಾರದು, ಕಪ್ಪು ತಂತಿ ಚಾಸಿಸಿಗೆ ಹೋಗಬೇಕು. ಫೋನೋ ಅರ್ಥಿನ ತಿರುಪು ಒಳ್ಳೆಯ ಜಾಗ. ಯಾವುದೆಂದು ಅನುಮಾನವಿದ್ದರೆ ಆಂಪಿನ ಪ್ಲಗ್ ಕಿತ್ತು, ಹತ್ತು ನಿಮಿಷ ಬಿಟ್ಟು, ಸ್ಪೀಕರ್ ತಂತಿ ಬಿಚ್ಚಿ, ನೆಗೆಟಿವ್ ಟರ್ಮಿನಲ್ಲಿಗೂ ಆರ್‌ಸಿಎ ಸಾಕೆಟ್ಟಿನ ಹೊರ ಉಂಗುರಕ್ಕೂ ನಡುವೆ ಓಮ್ ಅಳೆಯಿರಿ. ಎರಡೂ ಚಾನೆಲಿನಲ್ಲಿ ಸೊನ್ನೆಯ ಹತ್ತಿರ ಬಂದರೆ ನೆಲ ಒಂದೇ. ಹಾಗೆ ಬರದಿದ್ದರೆ ಕಪ್ಪು ತಂತಿಯನ್ನು ಸ್ಪೀಕರ್ ಟರ್ಮಿನಲಿನ ಹತ್ತಿರವೂ ತರಬೇಡಿ.